ಮರಳು, ತೋಪು ಮತ್ತು ಹುಣಸೂರಿನ ಎತ್ತುಗಳು

ಮೈಸೂರಿನ ಯುದ್ಧಗಳನ್ನು ಕುರಿತು ಬರೆದವರು ಕೋಟೆಗಳಿಗೂ ಸೇನಾನಿಗಳಿಗೂ ಒಪ್ಪಂದಗಳಿಗೂ ಕೊಟ್ಟಷ್ಟು ಗಮನವನ್ನು ತೋಪಿನ ಗಾಲಿಗೆ ಕೊಟ್ಟಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಹರಿಯುತ್ತವೆ. ಸೇತುವೆಗಳಿಲ್ಲದ ಕಡೆ ಬಂಡಿಯಾಗಲಿ ತೋಪಾಗಲಿ ಹೊಳೆಯ ಪಾತ್ರಕ್ಕೆ ಇಳಿದೇ ದಾಟಬೇಕಾಗಿತ್ತು. ಅಲ್ಲಿ ಗಾಲಿ ಹೂತುಕೊಳ್ಳದಂತೆ ನೋಡಿಕೊಳ್ಳುವುದು ಯುದ್ಧದ ಸೋಲುಗೆಲುವುಗಳನ್ನು ಹೇಗೆ ನಿರ್ಣಯಿಸಿತೆಂಬುದನ್ನು ಈ ಲೇಖನದಲ್ಲಿ ವಿವೇಚಿಸುತ್ತೇವೆ.

ಕಬ್ಬಿಣದ ಪಟ್ಟಿ ಬಿಗಿದ ಕಿರಿದಾದ ಗಾಲಿ ಮರಳನ್ನು ಕೊಯ್ದುಕೊಂಡು ಇಳಿಯುತ್ತದೆ. ಇಳಿದಷ್ಟೂ ತನ್ನ ಮುಂದೆ ಮರಳಿನ ದಿಬ್ಬವೊಂದನ್ನು ತಾನೇ ಕಟ್ಟಿಕೊಳ್ಳುತ್ತದೆ. ನಡುವೆ ನಿಂತರಂತೂ ಮತ್ತೆ ಹೊರಡಿಸುವುದು ಬಹು ಕಷ್ಟ. ಇಂದಿನ ಜೀಪಿನ ಚಾಲಕನು ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ ಅದರ ತಳವನ್ನು ಅಗಲಮಾಡಿಕೊಂಡು ಪಾರಾಗುತ್ತಾನೆ. ಮರದ ಗಾಲಿಗೆ ಆ ಅನುಕೂಲವಿಲ್ಲ. ಬಂಡಿಯಾದರೆ ಹೊರೆ ಇಳಿಸಿ ಹಗುರಮಾಡಬಹುದು. ಹದಿನೆಂಟು ಪೌಂಡಿನ ಗುಂಡು ಹಾರಿಸುವ ಮುತ್ತಿಗೆಯ ತೋಪಿನ ನಳಿಗೆಯೊಂದೇ ಸುಮಾರು 2 ಟನ್ ತೂಗುತ್ತಿತ್ತು, ಅದನ್ನು ತುಂಡುಮಾಡಿ ಸಾಗಿಸುವಂತಿಲ್ಲ. ಸೊಪ್ಪುಸದೆ ಹಾಸುವುದು, ಹೆಚ್ಚಿನ ಜೋಡಿ ಎತ್ತುಗಳನ್ನು ಹೂಡುವುದು, ಹಿಂದಿನಿಂದ ಆನೆಯ ಹಣೆಯೊಡ್ಡಿಸಿ ನೂಕಿಸುವುದು, ಇಷ್ಟೇ ಉಪಾಯ. ಎತ್ತಿನ ಸೀಳುಗೊರಸು ಮೆತ್ತನೆಯ ನೆಲದಲ್ಲಿ ಅಗಲವಾಗಿ ಊರುತ್ತದೆ. ಅದರ ಎಳೆತದಲ್ಲಿ ಜಗ್ಗಾಟವಿಲ್ಲ. ಆದುದರಿಂದ ತೋಪಿನ ಪ್ರಶ್ನೆ ಕಡೆಗೆ ಎತ್ತಿನ ಪ್ರಶ್ನೆಯೇ ಆಗುತ್ತಿತ್ತು.

ಇದನ್ನು ಹೈದರಾಲಿ ಚೆನ್ನಾಗಿ ಅರಿತಿದ್ದನು. ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ಮಂದೆಯನ್ನು ಅವನು ಬೆಳೆಸಿದನು, ಟೀಪೂವಿನ ಕಾಲದಲ್ಲಿ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಾಯಿತು. ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರಕ್ಕೆ ನೆರವಾದುದು ಈ ಎತ್ತುಗಳ ಬಲದಿಂದಲೇ ಎಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. 1781ರ ಜುಲೈ 1ರಂದು ಪರಂಗಿಪೇಟೆಯ ಕಡಲತೀರದಲ್ಲಿ, ಮರಳುದಿಣ್ಣೆಗಳ ಮರೆಯಲ್ಲಿ ಬಂದ ಕೂಟ್‌ನ ಸೈನ್ಯ ಹೈದರನನ್ನು ಸೋಲಿಸಿತು. ಆದರೆ ತೋಪುಗಳನ್ನು ಹೈದರನು ಹಿಂದಕ್ಕೆ ಸಾಗಿಸಿಕೊಂಡನು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ನಮ್ಮ ಸೀಮೆಯ ಅಂಚಿನಲ್ಲೇ ನಡೆಯಿತು. 1791ರ ಮೇ 15ರಂದು ಶ್ರೀರಂಗಪಟ್ಟಣದ ಬಳಿ ಕಾರ್ನ್‌ವಾಲಿಸನು ಯುದ್ಧದಲ್ಲಿ ಗೆದ್ದನು. ಆದರೆ ಹೊಳೆ ಏರುತ್ತಿತ್ತು. ಟೀಪೂ ಮೇವನ್ನು ಮುಂಚೆಯೇ ಸುಡಿಸಿದ್ದನು. ಎತ್ತುಗಳಿಗೆ ಸಾಂಕ್ರಾಮಿಕ ರೋಗವೂ ತಗುಲಿತ್ತು. ಮೇಲ್ಗಡೆ ಕಣ್ಣಂಬಾಡಿಯಲ್ಲಿ ಕಾವೇರಿಯನ್ನು ದಾಟಿ, ಪಿರಿಯಾಪಟ್ಟಣದಲ್ಲಿ ಕಾದಿದ್ದ ಅಬರ್‌ಕ್ರೋಂಬಿಯ ಸೈನ್ಯವನ್ನು ಕೂಡಿಕೊಳ್ಳಬೇಕೆಂಬುದು ಅವನ ಯೋಚನೆ. ಅಲ್ಲಿಯವರೆಗೆ ಮುತ್ತಿಗೆಯ ತೋಪುಗಳನ್ನೂ ಸರ್ಕಾರಿ ಬಂಡಿಗಳನ್ನೂ ಬಹುಮಟ್ಟಿಗೆ ಸಿಪಾಯಿಗಳೇ ಹಗ್ಗ ಹಿಡಿದು ಎಳೆಯಬೇಕಾಯಿತು. ಪಿರಿಯಾಪಟ್ಟಣ ಸುಮಾರು 50 ಕಿಲೋಮೀಟರಿನಷ್ಟೇ ದೂರ, ಆದರೂ ತಲುಪಲಾಗಲಿಲ್ಲ. ಮೇ 22ರಂದು ಗೆದ್ದ ಸೇನಾನಿ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿಹಾಕಿದನು. ಅಬರ್‌ಕ್ರೋಂಬಿಗೆ ಮಲಬಾರಿಗೆ ಹಿಂದಿರುಗುವಂತೆ ಆಜ್ಞೆ ಹೋಯಿತು. ಈ ಹಿನ್ನಡೆಯನ್ನು ಮಳೆಗೂ ನೆರೆಗೂ ಆರೋಪಿಸುವ ವಾಡಿಕೆಯುಂಟು. ನಮಗೆ ಅದು ಅರ್ಧಸತ್ಯವೆಂದೇ ತೋರುತ್ತದೆ: ಹೊಟ್ಟೆ ತುಂಬಿದ ಎತ್ತುಗಳಿದ್ದಿದ್ದರೆ ಕನಿಷ್ಠಪಕ್ಷ ತೋಪುಗಳನ್ನಾದರೂ ಬೆಂಗಳೂರಿಗೆ ಮರಳಿ ಒಯ್ಯಬಹುದಾಗಿತ್ತು. ಆ ಹಳೆಯ ಕಣ್ಣಂಬಾಡಿ ಗ್ರಾಮ ಈಗ ಕೃಷ್ಣರಾಜಸಾಗರದ ಪಾತ್ರದಲ್ಲಿ ಸೇರಿಹೋಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅಮೃತಮಹಲ್ ಮಂದೆ ಕ್ಷೀಣಿಸತೊಡಗಿತು. 1813ರಲ್ಲಿ ಮದರಾಸು ಕಮಿಸರಿಯೆಟ್ಟಿನ ಕ್ಯಾಪ್ಟನ್ ಹಾರ್ವೆ ಅದರ ಆಡಳಿತವನ್ನು ವಹಿಸಿಕೊಂಡನು. ಹುಣಸೂರು ಕೇಂದ್ರವಾಯಿತು. ಎತ್ತಿನ ಜತೆಗೆ ಬಂಡಿ, ಚರ್ಮದ ಸಾಮಾನು, ಕಂಬಳಿ ಇವುಗಳ ತಯಾರಿಕೆಯೂ ಅಲ್ಲಿ ಬೆಳೆದುದು ಸಹಜವೇ. ಎಳೆಯುವ ಪ್ರಾಣಿ ಇದ್ದ ಕಡೆ ನೊಗ, ಪಟ್ಟೆ, ಗಾಲಿಗಳೂ ಬೇಕು. ಸ್ಪೇನಿನ ಯುದ್ಧರಂಗದಲ್ಲಿ ವೆಲಿಂಗ್ಟನ್ ಈ ಎತ್ತುಗಳಿಲ್ಲವಲ್ಲಾ ಎಂದು ಮರುಗುತ್ತಿದ್ದನೆಂಬ ಮಾತೂ ಪ್ರಸಿದ್ಧವಾಗಿದೆ.

ಆದರೂ 1860ರಲ್ಲಿ ಮಿತವ್ಯಯದ ಕಾರಣ ಹೇಳಿ ಮಂದೆಯನ್ನು ಮಾರಿಬಿಟ್ಟರು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಕೂಡಿಸಬೇಕಾಯಿತು. ಹುಣಸೂರಿನ ಕಾರ್ಖಾನೆ 1864ರಲ್ಲಿಯೇ ಮುಚ್ಚಿತ್ತು. ಅಲ್ಲಿ ಕೆಲಸ ಕಲಿತವರು ಊರಿನಲ್ಲೇ ಬಂಡಿ ಕಟ್ಟುತ್ತಲೂ ಚರ್ಮ ಹದಮಾಡುತ್ತಲೂ ಉಳಿದರು.