ಮಂಗಳವಾರದ ಬಸ್ಸು

ನಮ್ಮ ಕಡೆ ಹೆಂಗಸರಿಗೆ ಮನಸ್ಸಿನ ಕಾಯಿಲೆ ಬರುತ್ತಿರಲಿಲ್ಲ. ಗಾಳಿ ಸೋಕುತ್ತಿತ್ತು, ದೃಷ್ಟಿಯಾಗುತ್ತಿತ್ತು, ಬಾಣಂತಿ ಸನ್ನಿ ಹಿಡಿಯುತ್ತಿತ್ತು. ಈಚೆಗೆ ಬಿ.ಪಿ. ಏರುತ್ತದೆ. ನನ್ನ ಹುಟ್ಟು, ಮದುವೆ, ಮೇಷ್ಟರಿಕೆ ಎಲ್ಲ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ನಡುವೆಯೇ ಆದದ್ದರಿಂದ ಈ ಹೆಸರುಗಳನ್ನೆಲ್ಲ ಬಲ್ಲೆ.

ಅಮ್ಮನಿಗೆ ಆದದ್ದು ‘ಗಾಳಿ’. ಕೆ.ಆರ್. ಪೇಟೆಯಲ್ಲಿ ತಮ್ಮ ಹುಟ್ಟಿದಾಗ ನನಗೆ ಆರು ವರ್ಷ. ಅಮ್ಮ ಮಗುವನ್ನು ಎತ್ತಿಕೊಳ್ಳದೆ ಗೋಡೆ ನೋಡುತ್ತ ಕೂರುತ್ತಿದ್ದಳು. ಹಾಲು ಉಕ್ಕಿ ಹರಿದರೂ ಏಳುತ್ತಿರಲಿಲ್ಲ. ತಾಯತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು, ಗಂಜಾಮಿನ ನಿಮಿಷಾಂಬೆಗೆ ಹರಕೆ ಹೊತ್ತರು. ನಿಮಿಷದಲ್ಲಿ ಕಷ್ಟ ಕಳೆಯುವ ತಾಯಿ ಎಂದು ನಂಬಿಕೆ. ಅಮ್ಮನಿಗೆ ಒಂದೂವರೆ ವರ್ಷ ಹಿಡಿಯಿತು. ಆ ಹರಕೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಮನೆಯಿಂದ ಹೊರಬಿದ್ದು ಕಾವೇರಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಲು ಆಕೆಗಿದ್ದ ನೆಪ ಅದೊಂದೇ.

ಅದಕ್ಕೆ ಎಷ್ಟೋ ಮೊದಲೇ ತ್ರಿವೇಣಿ ಈ ಸಂಕಟಕ್ಕೆ ಕನ್ನಡದಲ್ಲಿ ಮಾತು ಕೊಟ್ಟಿದ್ದರು. 1928ರಲ್ಲಿ ಹುಟ್ಟಿದ ಆಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹಸಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡರು. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಬುದ್ಧಿಸ್ಥಿಮಿತ ಕಳೆದುಕೊಳ್ಳುತ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಗುಣವಾಗದೆ ಉಳಿಯುವುದು ಮನೆಯವರ ಅನುಮಾನ. ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಅಮ್ಮ ಅದನ್ನು ಟೆಂಟಿನಲ್ಲಿ ನೋಡಿ ಬಂದವಳು ಎಷ್ಟೋ ವರ್ಷದ ಮೇಲೆ ನನಗೆ ಅಂದಳು: “ಎಲ್ಲರೂ ಕಾವೇರಿಗಾಗಿ ಅತ್ತರು ಕಣೆ. ಅವಳನ್ನ ಆಸ್ಪತ್ರೆಗಾದರೂ ಕರಕೊಂಡು ಹೋದರಲ್ಲ ಅಂತ ನಾನು ಅತ್ತೆ.”

ಆಸ್ಪತ್ರೆ ಇದ್ದದ್ದು ಬೆಂಗಳೂರಿನಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆದರೂ ನಮ್ಮವರ ಬಾಯಲ್ಲಿ ಹುಚ್ಚಾಸ್ಪತ್ರೆಯೇ. ಅಲ್ಲಿ ಕಾಲಿಟ್ಟವಳ ತಂಗಿಯರಿಗೆ ಗಂಡು ಸಿಗುವುದಿಲ್ಲ ಎಂಬ ಭಯ ಬೇರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ಅದೇ ಮಾದರಿ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. 2014ರಲ್ಲಿ ನಮ್ಮ ಸರ್ಕಾರ ‘ಮನೋಚೈತನ್ಯ’ ಎಂದು ಹೆಸರಿಟ್ಟು, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡು ಮಾಡಿತು, ಅದೂ ಮಂಗಳವಾರ. ಯಾರಿಗೆ ಹೊಳೆಯಿತೋ! ಅಮ್ಮನವರ ವಾರ, ಹೆಂಗಸು ಮನೆ ಬಿಟ್ಟರೆ ಯಾರೂ ಕೇಳುವುದಿಲ್ಲ.

2016ರಲ್ಲಿ ಪಾಂಡವಪುರದ ಶಾಲೆಯಲ್ಲಿ 1799ರ ಯುದ್ಧದ ಪಾಠ ಮಾಡುತ್ತಿದ್ದೆ. ವಾಕ್ಯ ನಡುವೆಯೇ ನಿಂತಿತು. ಎದೆ ಡವಡವ, ಅಂಗೈ ಬೆವರು. ಮಕ್ಕಳು ನೋಡುತ್ತಲೇ ಇದ್ದವು. ಅಲ್ಲಿಂದ ಮದುವೆ, ನಾಮಕರಣಗಳನ್ನೆಲ್ಲ ತಪ್ಪಿಸತೊಡಗಿದೆ. ‘ಮೇಡಂಗೆ ಜಂಬ’ ಅಂದರು. ಯಜಮಾನರೊಂದಿಗಿನ ಮಾತು ಸಾರಿನ ಉಪ್ಪಿನಷ್ಟಕ್ಕೆ ಇಳಿಯಿತು. ಇ.ಸಿ.ಜಿ. ಸರಿಯಾಗಿಯೇ ಇತ್ತು. ಕೊನೆಗೊಂದು ಮಂಗಳವಾರ ರಜೆ ಹಾಕಿ, ನಿಮಿಷಾಂಬೆಗೆಂದು ಹೇಳಿ ಬಸ್ಸು ಹತ್ತಿ, ಶ್ರೀರಂಗಪಟ್ಟಣದ ಆಸ್ಪತ್ರೆಗೆ ಹೋದೆ. ಪಾಂಡವಪುರದಲ್ಲಾದರೆ ಗುರುತಿನವರು ಸಿಕ್ಕಾರು ಎಂಬ ಜಾಣತನ. ಸಾಲಿನಲ್ಲಿ ನನ್ನ ಮುಂದೆಯೇ ನಮ್ಮ ಬೀದಿಯ ಹೆಂಗಸು! ಅವಳ ಕೈಯಲ್ಲೂ ಹಣ್ಣುಕಾಯಿ ಚೀಲ. ಇಬ್ಬರೂ ತುಟಿ ಬಿಚ್ಚಲಿಲ್ಲ. ವಾಪಸು ಬಸ್ಸಿನಲ್ಲಿ ಮಾತ್ರ ಒಂದೇ ಸೀಟಿನಲ್ಲಿ ಕೂತೆವು.

ಡಾಕ್ಟರು ಖಿನ್ನತೆ, ಜೊತೆಗೆ ಆತಂಕ ಎಂದರು. ಮಾತ್ರೆ ಹಿಡಿಯಲು ಎರಡು ಮೂರು ವಾರ ಬೇಕು, ಹಗುರವಾಯಿತೆಂದು ನೀವೇ ನಿಲ್ಲಿಸಬೇಡಿ, ಮುಂದಿನ ಸಲ ಯಜಮಾನರನ್ನೂ ಕರೆತನ್ನಿ ಎಂದರು. ಮಾತ್ರೆಗಿಂತ ಇದು ಕಷ್ಟದ್ದು. ಆ ರಾತ್ರಿ ಹೇಳಿದೆ. “ಯಾವಾಗಿಂದ?” ಎಂದು ಕೇಳಿದವರು ಬಹಳ ಹೊತ್ತು ಸುಮ್ಮನಿದ್ದರು. ಮೊದಲ ಸಲ ಜೊತೆಗೆ ಬಂದು ಗೇಟಿನ ಆಚೆ ಟೀ ಅಂಗಡಿಯಲ್ಲೇ ನಿಂತರು. ಅದರ ಮುಂದಿನ ಸಲ ಒಳಗೆ ಬಂದು ಕುಳಿತರು. ಈಗ ಬಸ್ಸೂ ಬೇಡ. 2022ರಿಂದ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾರೆ, ದುಡ್ಡಿಲ್ಲ.

ಅಮ್ಮನಿಗೆ ಹೇಳಿದ್ದು ಎಲ್ಲಕ್ಕಿಂತ ಕೊನೆಗೆ. ಆಕೆ ಮಾತ್ರೆಯ ಹಾಳೆಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇಷ್ಟೇ ಇಷ್ಟಾ?” ಅಂದಳು.