ಕೈಯಲ್ಲಿ ಹಣವಿಲ್ಲ, ವಿಮೆ ಇಲ್ಲ: ಹೈದರಾಬಾದಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುವುದು ಹೇಗೆ?

ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದ್ ಸುಮಾರು 140 ಕಿ.ಮೀ. ಹಾಗಾಗಿ ಬೀದರ್, ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರಲ್ಲಿ ಅನೇಕರು ಕ್ಯಾನ್ಸರ್ ಇರಬಹುದೆಂದು ವೈದ್ಯರು ಹೇಳಿದ ಕೂಡಲೇ ಹೈದರಾಬಾದಿಗೆ ಹೊರಡುತ್ತಾರೆ. ಗಾಬರಿಯಲ್ಲಿ ಮೊದಲು ಕಂಡ ಖಾಸಗಿ ಆಸ್ಪತ್ರೆಗೆ ಸೇರಿ, ಸ್ಕ್ಯಾನ್ ಮತ್ತು ಬಯಾಪ್ಸಿಗೇ ಕೂಡಿಟ್ಟ ಹಣ ಖರ್ಚಾಗಿ, ಚಿಕಿತ್ಸೆ ಶುರುವಾಗುವ ಹೊತ್ತಿಗೆ ಕೈ ಬರಿದಾಗುವುದೂ ಉಂಟು.

ಹೊಲ ಅಡವಿಡುವ ಮೊದಲು ಒಂದು ವಿಷಯ ತಿಳಿದಿರಲಿ. ಸರ್ಕಾರಿ ಯೋಜನೆಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮುಂಚೆ ಅನುಮತಿ ಪಡೆದವರಿಗೆ ನೆರವಾಗುತ್ತವೆ. ಕಟ್ಟಿಬಿಟ್ಟ ಬಿಲ್ಲಿನ ಹಣ ಸಾಮಾನ್ಯವಾಗಿ ಅವುಗಳಿಂದ ವಾಪಸ್ ಬರುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರಿಗೆ ಹೋಗುವ ಮೊದಲು 'ಆರೋಗ್ಯಮಿತ್ರ' ಕೂರುವ ಜಾಗ ಎಲ್ಲಿದೆ ಎಂದು ಕೇಳಿ. ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ನಿಮ್ಮ ಕಾಯಿಲೆಯ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ಅವರು ನೋಡಿ ಹೇಳುತ್ತಾರೆ.

ಮೊದಲು ಎಲ್ಲಿಗೆ ಹೋಗಬೇಕು?

ಹಣವಿಲ್ಲದವರು ಮೊದಲು ಹೋಗಬೇಕಾದದ್ದು ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗೆ. 1955ರಲ್ಲಿ ಶುರುವಾದ ಇದು ತೆಲಂಗಾಣ ಸರ್ಕಾರದ ಆಸ್ಪತ್ರೆ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಹೌದು. ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್ ಮೂರೂ ಒಂದೇ ಕಡೆ ಇವೆ. ಜನಸಂದಣಿ ಹೆಚ್ಚು, ಸರತಿ ಉದ್ದ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ತೆಲುಗು ಬಾರದಿದ್ದರೂ ಹಿಂದಿ ಅಥವಾ ದಖನಿ ಉರ್ದುವಿನಲ್ಲಿ ಕೆಲಸ ನಡೆಯುತ್ತದೆ.

ಪಂಜಾಗುಟ್ಟದ ನಿಮ್ಸ್ ಕೂಡ ಸರ್ಕಾರಿ ಸ್ವಾಯತ್ತ ಸಂಸ್ಥೆ. ಆದರೆ ಕಾರ್ಡ್ ಇಲ್ಲದವರು ಅಲ್ಲಿ ಶುಲ್ಕ ಕೊಡಬೇಕು. ಬಂಜಾರಾ ಹಿಲ್ಸ್‌ನ ಬಸವತಾರಕಂ ಆಸ್ಪತ್ರೆಯನ್ನು ಧರ್ಮಾರ್ಥ ಟ್ರಸ್ಟ್ ನಡೆಸುತ್ತದೆ. ಟ್ರಸ್ಟ್ ಎಂದ ಮಾತ್ರಕ್ಕೆ ಎಲ್ಲವೂ ಉಚಿತ ಎಂದುಕೊಳ್ಳಬೇಡಿ. ಯಾವ ಯೋಜನೆ ಅನ್ವಯಿಸುತ್ತದೆ, ರಿಯಾಯಿತಿಗೆ ಯಾರನ್ನು ಕಾಣಬೇಕು ಎಂದು ಮೊದಲೇ ಕೇಳಿ.

ಊರಲ್ಲಿ ಬಯಾಪ್ಸಿ ಆಗಿದ್ದರೆ ವರದಿಯ ಕಾಗದವೊಂದೇ ಸಾಲದು. ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆದು ತನ್ನಿ. ಇವಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸುವ ಖರ್ಚು ಮತ್ತು ನೋವು ಎಷ್ಟೋ ಸಲ ತಪ್ಪುತ್ತದೆ.

ನಿಮ್ಮ ಕಾರ್ಡ್ ಯಾವ ರಾಜ್ಯದ್ದು?

ಹೆಚ್ಚು ಗೊಂದಲ ಆಗುವುದು ಇಲ್ಲೇ. ತೆಲಂಗಾಣದ ಆಹಾರ ಭದ್ರತಾ ಕಾರ್ಡ್ ಇರುವ ಕುಟುಂಬಕ್ಕೆ ಆರೋಗ್ಯಶ್ರೀ ಯೋಜನೆ ಇದೆ. 2023ರ ಡಿಸೆಂಬರಿನಲ್ಲಿ ಅದರ ಮಿತಿಯನ್ನು ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿಸಲಾಯಿತು. ಕಾಚಿಗುಡದಲ್ಲೋ ಮತ್ತೆಲ್ಲೋ ನೆಲೆಸಿ ಅಲ್ಲಿನ ಕಾರ್ಡ್ ಮಾಡಿಸಿಕೊಂಡ ಕನ್ನಡಿಗರಿಗೂ ಇದು ಸಲ್ಲುತ್ತದೆ. ಕರ್ನಾಟಕದ ಬಿಪಿಎಲ್ ಕಾರ್ಡ್ ತೋರಿಸಿದರೆ ಆರೋಗ್ಯಶ್ರೀ ಸಿಗುವುದಿಲ್ಲ.

ಕರ್ನಾಟಕದವರಿಗೆ ಇರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಒಟ್ಟು 1.5 ಲಕ್ಷದವರೆಗೆ. ಆಯುಷ್ಮಾನ್ ಕಾರ್ಡನ್ನು ದೇಶದ ಬೇರೆ ರಾಜ್ಯಗಳಲ್ಲೂ ಬಳಸಬಹುದು ಎಂಬುದು ನಿಜ, ತೆಲಂಗಾಣವೂ 2021ರಲ್ಲಿ ಈ ಯೋಜನೆ ಸೇರಿದೆ. ಆದರೆ ಹೊರರಾಜ್ಯದ ಸೌಲಭ್ಯ ಇರುವುದು ಕೇಂದ್ರದ ಫಲಾನುಭವಿ ಪಟ್ಟಿಯಲ್ಲಿ ಹೆಸರಿರುವ ಕುಟುಂಬಗಳಿಗೆ. ರಾಜ್ಯವೇ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬದ ಕಾರ್ಡ್ ಗಡಿ ದಾಟಿದರೆ ನಡೆಯದೆ ಹೋಗಬಹುದು. ಎರಡೂ ಕಾರ್ಡ್ ನೋಡಲು ಒಂದೇ ಥರ ಕಾಣುವುದರಿಂದ ಹೊರಡುವ ಮುಂಚೆಯೇ 14555ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಖಚಿತ ಮಾಡಿಕೊಳ್ಳಿ. ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರವನ್ನೂ ಅದೇ ದಿನ ಪಡೆಯಿರಿ.

ನಿಮ್ಮ ಕಾರ್ಡ್ ಹೈದರಾಬಾದಿನಲ್ಲಿ ನಡೆಯದಿದ್ದರೆ ಬೆಂಗಳೂರಿನ ಕಿದ್ವಾಯಿ ಇದೆ, ಕಲಬುರಗಿಯಲ್ಲಿ ಅದರದೇ ಕೇಂದ್ರವೂ ಇದೆ. ದೊಡ್ಡ ಊರಿನ ಚಿಕಿತ್ಸೆಯೇ ಮೇಲು ಎಂಬ ನಂಬಿಕೆಗಾಗಿ ಉಚಿತವಾಗಿ ಸಿಗುವುದನ್ನು ಬಿಟ್ಟು ಸಾಲ ಮಾಡುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ.

ಮನೆಯಲ್ಲಿ ಯಾರಾದರೂ ಕಾರ್ಖಾನೆ ಅಥವಾ ಕಂಪನಿ ಕೆಲಸದಲ್ಲಿದ್ದು ಸಂಬಳದಲ್ಲಿ ಇಎಸ್‌ಐ ಕಡಿತ ಆಗುತ್ತಿದೆಯೇ ಎಂದೂ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರಲ್ಲಿ ಬರುತ್ತಾರೆ. ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ. ಹೈದರಾಬಾದಿನ ಸನತ್‌ನಗರದಲ್ಲಿ ಇಎಸ್‌ಐನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದೆ. ಎಷ್ಟೋ ಮನೆಗಳಲ್ಲಿ ಈ ಸೌಲಭ್ಯ ಇರುವುದೇ ನೆನಪಿರುವುದಿಲ್ಲ.

ಯಾವ ಕಾರ್ಡೂ ನಡೆಯದಿದ್ದರೆ?

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಇದಕ್ಕೆ ಆಸ್ಪತ್ರೆ ಬರೆದುಕೊಡುವ ಅಂದಾಜು ವೆಚ್ಚದ ಪತ್ರ, ಆದಾಯ ಪ್ರಮಾಣಪತ್ರ ಮತ್ತು ವಾಸದ ದಾಖಲೆ ಬೇಕು. ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ಆಗಿಹೋದ ಖರ್ಚಿಗೆ ಸಿಗುವುದಿಲ್ಲ. ಬಡತನ ರೇಖೆಗಿಂತ ಕೆಳಗಿದ್ದೂ ಆಯುಷ್ಮಾನ್ ನೆರವು ಸಿಗದವರಿಗೆ ರಾಷ್ಟ್ರೀಯ ಆರೋಗ್ಯ ನಿಧಿಯಡಿ ಕ್ಯಾನ್ಸರ್ ರೋಗಿಗಳ ನಿಧಿ ಇದೆ. ಎಂಎನ್‌ಜೆ, ಕಿದ್ವಾಯಿಯಂಥ ಪ್ರಾದೇಶಿಕ ಕೇಂದ್ರಗಳಲ್ಲಿ ಇದರ ಬಗ್ಗೆ ವಿಚಾರಿಸಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವವರು ತಾವು ವಾಸವಿರುವ ರಾಜ್ಯದ ನಿಧಿಗೇ ಹಾಕಬೇಕು. ಮೂಲ ಬಿಲ್ಲುಗಳನ್ನು ಕಳೆಯಬೇಡಿ.

ಓಡಾಟ, ಊಟ, ಔಷಧಿ

ಚಿಕಿತ್ಸೆ ಉಚಿತವಾದರೂ ಅರ್ಧಕ್ಕೆ ಬಿಟ್ಟುಹೋಗುವವರಿದ್ದಾರೆ. ಜನ 'ಕರೆಂಟ್ ಕೊಡೋದು' ಎನ್ನುವ ರೇಡಿಯೇಷನ್ ಅನೇಕ ಕ್ಯಾನ್ಸರ್‌ಗಳಿಗೆ ವಾರಕ್ಕೆ 5 ದಿನದಂತೆ 5–6 ವಾರ ನಡೆಯುತ್ತದೆ. ದಿನಕ್ಕೆ ಕೆಲವೇ ನಿಮಿಷದ ಕೆಲಸವಾದ್ದರಿಂದ ಸಾಮಾನ್ಯವಾಗಿ ದಾಖಲು ಮಾಡಿಕೊಳ್ಳುವುದಿಲ್ಲ. ಉಳಿಯುವ ಜಾಗ, ಊಟ, ಜೊತೆಗಿರುವವರ ಕೂಲಿ ನಷ್ಟ ಎಲ್ಲ ಸೇರಿ ಕುಟುಂಬ ಸೋಲುತ್ತದೆ. ಮಧ್ಯೆ ನಿಲ್ಲಿಸಿದರೆ ಚಿಕಿತ್ಸೆಯ ಫಲ ಕುಗ್ಗುತ್ತದೆ. ಹಣ ಮುಗಿಯುತ್ತಿದೆ ಎಂದಾಗ ಹೇಳದೆ ಊರಿಗೆ ಹೋಗಬೇಡಿ, ವೈದ್ಯರಿಗೆ ತಿಳಿಸಿ. ಉಳಿದ ಭಾಗವನ್ನು ಕಲಬುರಗಿಯಲ್ಲಿ ಮುಗಿಸಬಹುದೇ, ಹತ್ತಿರದಲ್ಲಿ ಧರ್ಮಶಾಲೆ ಇದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ನಗರಪಾಲಿಕೆಯ 5 ರೂಪಾಯಿ ಊಟದ ಕ್ಯಾಂಟೀನುಗಳೂ ಇವೆ.

ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು 3ನೇ ದರ್ಜೆ ಎಸಿಯಲ್ಲಿ ಪ್ರಯಾಣ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ವೈದ್ಯರ ಸಹಿ ಮತ್ತು ಮೊಹರು ಬೇಕು.

ಹೊರಗಿನಿಂದ ಔಷಧಿ ಬರೆದುಕೊಟ್ಟರೆ ಜನೌಷಧಿ ಅಥವಾ ಅಮೃತ್ ಮಳಿಗೆಯಲ್ಲಿ ಮೊದಲು ವಿಚಾರಿಸಿ. ಬ್ರಾಂಡ್ ಬದಲಿಸುವ ಮುನ್ನ ವೈದ್ಯರಿಗೆ ತೋರಿಸಿ.

ಕಾಯಿಲೆ ಗುಣವಾಗುವ ಹಂತ ದಾಟಿದೆ ಎಂದು ವೈದ್ಯರು ಹೇಳಿದ ಮೇಲೂ ನೋವಿಗೆ ಚಿಕಿತ್ಸೆ ಇದೆ. ಎಂಎನ್‌ಜೆಯಲ್ಲಿ ಉಪಶಮನ ಆರೈಕೆ ವಿಭಾಗವಿದ್ದು ತೀವ್ರ ನೋವಿಗೆ ಮಾರ್ಫಿನ್ ಕೊಡುತ್ತಾರೆ. ನಗರದ ಸ್ಪರ್ಶ್ ಹಾಸ್ಪೈಸ್‌ನಲ್ಲಿ ಕೊನೆಯ ದಿನಗಳ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರೆ, ಹೊರಡುವ ಮುನ್ನ ನೋವಿನ ಮಾತ್ರೆ ಎಷ್ಟು ದಿನಕ್ಕೆ ಕೊಡುತ್ತೀರಿ, ಮುಗಿದಾಗ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ಬರೆಸಿಕೊಳ್ಳಿ.