ಗುಡಗೇರಿ ಸೀಮೆಯ ಚಕ್ಕಡಿ: ಕೊಂಡ ಬೆಲೆ, ಸಾಕಿದ ಬೆಲೆ

ಕುಂದಗೋಳ ತಾಲೂಕಿನ ಗುಡಗೇರಿ ಸೀಮೆಯಲ್ಲಿ ಹಳೇ ಚಕ್ಕಡಿ, ಅಂದರೆ ಎತ್ತಿನ ಗಾಡಿ, ಕೊಳ್ಳುವ ರೈತ ಬೆಲೆ ಕೇಳುವ ಮೊದಲು ಗಾಲಿ ಜಗ್ಗಿ ನೋಡಬೇಕಿತ್ತು. ಒಂದು ಗಾಲಿಯನ್ನು ನೆಲದಿಂದ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಒಳಗೂ ಹೊರಗೂ ಅಲುಗಿಸಿದರೆ ಗಾಲಿಯ ನಡುವಿನ ಗುಂಬದೊಳಗಿನ ಕಬ್ಬಿಣದ ಬುಷ್ ಎಷ್ಟು ಸವೆದಿದೆ ಎಂಬುದು ಕೈಗೇ ತಿಳಿಯುತ್ತದೆ. ಆಮೇಲೆ ಗುಂಬದಿಂದ ಅಂಚಿಗೆ ಹೋಗುವ ಅರೆಕಾಲುಗಳ ಸರದಿ. ಒಂದೊಂದನ್ನೇ ಕಲ್ಲಿನಿಂದ ತಟ್ಟಬೇಕು. ಬಿಗಿಯಾಗಿ ಕೂತದ್ದು ಗಟ್ಟಿ ದನಿ ಕೊಡುತ್ತದೆ, ಸಡಿಲಾದದ್ದು ಒಡಕು ದನಿ ಕೊಡುತ್ತದೆ. ಗಾಲಿಯ ಸುತ್ತ ಬಿಗಿದ ಕಬ್ಬಿಣದ ಹಳಿಗೂ ಮರಕ್ಕೂ ನಡುವೆ ಬೆರಳ ತುದಿ ತೂರಿದರೆ ಕಂಬಾರನ ಖರ್ಚು ಕಟ್ಟಿಟ್ಟದ್ದು. ಗುಂಬದಲ್ಲೇ ಸೀಳು ಬಿಟ್ಟಿದ್ದರೆ ಆ ಗಾಲಿಯ ಕಥೆ ಮುಗಿದಂತೆ.

ಇಷ್ಟು ಪರೀಕ್ಷೆ ಬೇಡುವ ಈ ವಾಹನ ಈ ನೆಲದಲ್ಲಿ ತೀರ ಪುರಾತನದ್ದೇನೂ ಅಲ್ಲ. ಬಂಡಿ ಎಂಬುದು ಹಳೆಯದೇ, ಆದರೆ ಹತ್ತೊಂಬತ್ತನೇ ಶತಮಾನದ ಆರಂಭದವರೆಗೆ ದೂರದ ಸರಕು ಸಾಗಣೆ ಬಹುಪಾಲು ಹೇರೆತ್ತುಗಳ ಬೆನ್ನ ಮೇಲೆ, ಲಂಬಾಣಿಗರ ಕೈಯಲ್ಲಿತ್ತು. ಇದ್ದ ಬಂಡಿಗಳಲ್ಲಿ ಹಲವಕ್ಕೆ ಅರೆಕಾಲಿಲ್ಲದ ಇಡೀ ಮರದ ಭಾರವಾದ ಗಾಲಿ. 1830ರ ದಶಕದಲ್ಲಿ ಸೊಲ್ಲಾಪುರ ಕಡೆಯ ಟೆಂಭುರ್ಣಿಯಲ್ಲಿ ಗೇಸ್‌ಫರ್ಡ್ ಎಂಬ ಸೇನಾಧಿಕಾರಿ ಸುಧಾರಿತ ಬಂಡಿಗಳ ಕಾರ್ಖಾನೆ ನಡೆಸಿದ. ರಸ್ತೆಗಳು ಸುಧಾರಿಸಿದಂತೆ, ಅರೆಕಾಲು ಮತ್ತು ಕಬ್ಬಿಣದ ಹಳಿಯ ಹಗುರ ಗಾಲಿ ಮುಂಬಯಿ ಇಲಾಖೆಯ ಬಯಲುಸೀಮೆಯಲ್ಲೆಲ್ಲ ಸಾಮಾನ್ಯವಾಯಿತು.

ಧಾರವಾಡ ಜಿಲ್ಲೆಯಲ್ಲಿ ಅದಕ್ಕೆ ನಿಜವಾದ ಕೆಲಸ ಕೊಟ್ಟದ್ದು ಹತ್ತಿ. ಇಲ್ಲಿಯ ಎರಿ (ಕಪ್ಪು ಮಣ್ಣಿನ) ಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದದ್ದು ಇಲ್ಲಿಯಾದರೂ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ಯೆಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿಯ ಬೆಲೆ ಗಗನಕ್ಕೇರಿದಾಗ ಈ ದಾರಿಗಳಿಗೆ ಹಿಂದೆಂದೂ ಇಲ್ಲದ ಮಹತ್ವ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ, ಇದೇ ಬಂದರಿನ ಲೆಕ್ಕಾಚಾರವಿತ್ತು. ಘಟ್ಟದ ಇಳುಕಲಿನಲ್ಲಿ ಅಚ್ಚು ಮುರಿದರೆ ಬಂಡಿಕಾರ ಕಾಡಿನಲ್ಲೇ ರಾತ್ರಿ ಕಳೆಯಬೇಕು. ದೂರದ ಬಾಡಿಗೆಗೆ ಹೋಗುವವನಿಗೆ ಚಕ್ಕಡಿ ಗಟ್ಟಿಯಿರುವುದು ಹೊಟ್ಟೆಪಾಡಿನ ಪ್ರಶ್ನೆ.

ಆಗಿನ ರಾಜಕೀಯ ನಕ್ಷೆಯೂ ಬಂಡಿಕಾರನಿಗೆ ಸರಳವಾಗಿರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜಿನದು, ಶಿರಹಟ್ಟಿ ಸಾಂಗ್ಲಿಯದು, ಸವಣೂರು ನವಾಬರದು. ಒಂದೆರಡು ದಿನದ ಚಕ್ಕಡಿ ದಾರಿಯಲ್ಲಿ ಇಷ್ಟೂ ಸಂಸ್ಥಾನಗಳ ನೆಲ ತುಳಿಯಬಹುದಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್‌ಗೇಜ್ ಹಳಿ ಹಾಕಿತು. ಈ ಮಾರ್ಗದಲ್ಲಿ ಕುಂದಗೋಳ, ಸಂಶಿ ದಾಟಿದರೆ ಗುಡಗೇರಿ ಸ್ಟೇಷನ್. ರೈಲು ಬಂದು ಘಟ್ಟದ ದೂರದ ಬಾಡಿಗೆ ಕಡಿಮೆಯಾಯಿತು, ಆದರೆ ಚಕ್ಕಡಿಗೆ ಕೆಲಸ ತಪ್ಪಲಿಲ್ಲ. ಸುತ್ತಲ ಹಳ್ಳಿಗಳ ಮಾಲು ಸ್ಟೇಷನ್ನಿಗೆ ಬರಬೇಕಾದರೆ ಚಕ್ಕಡಿಯೇ ಗತಿ.

ಚಕ್ಕಡಿಯ ದೊಡ್ಡ ಶತ್ರುಗಳು ಇಲ್ಲಿಯ ಮಣ್ಣು ಮತ್ತು ಬಿಸಿಲು. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿ, ಸುಮಾರು ಎರಡು ಅಂಗುಲ ಅಗಲದ ಹಳಿ ಹೊಲದಲ್ಲಿ ಹೂತು ಹೋಗುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಅರೆಕಾಲು ಸಡಿಲಾಗುತ್ತದೆ, ಹಳಿ ಜಾರುತ್ತದೆ. ತಾತ್ಕಾಲಿಕ ಉಪಾಯವೆಂದರೆ ಗಾಲಿ ಬಿಚ್ಚಿ ಕೆರೆಯಲ್ಲಿ ನೆನೆಹಾಕುವುದು. ಮರ ಉಬ್ಬಿ ಬಿಗಿಯಾಗುತ್ತದೆ, ಆದರೆ ಆ ಬಿಗಿ ಬಹಳ ದಿನ ಬಾಳುವುದಿಲ್ಲ.

ಪಕ್ಕಾ ಕೆಲಸವೆಂದರೆ ಹಳಿ ಕಟ್ಟುವುದು. ಕಂಬಾರ ಗಾಲಿಯ ಸುತ್ತಳತೆ ತೆಗೆದು, ಹಳಿಯನ್ನು ತುಂಡರಿಸಿ, ಗಾಲಿಗಿಂತ ತುಸು ಚಿಕ್ಕದಾಗುವಂತೆ ಮತ್ತೆ ಬೆಸೆಯುತ್ತಾನೆ. ಅದನ್ನು ನೆಲದ ಮೇಲಿಟ್ಟು ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕಬ್ಬಿಣ ಕೆಂಪಾಗಿ ಹಿಗ್ಗಿದಾಗ ಮೂರ್ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ತಂದು ಗಾಲಿಯ ಮೇಲೆ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮರ ಹೊಗೆಯಾಡಿ ಹತ್ತಿಕೊಳ್ಳುವುದರೊಳಗೆ ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ಕುಗ್ಗುತ್ತಿದ್ದಂತೆ ಕೀಲುಗಳೆಲ್ಲ ಚಟಚಟ ಎಂದು ಒಳಗೆ ಕೂರುತ್ತವೆ. ಅಳತೆ ಹೆಚ್ಚಾದರೆ ಹಳಿ ನಿಲ್ಲುವುದಿಲ್ಲ, ಕಡಿಮೆಯಾದರೆ ಅರೆಕಾಲು ಬಾಗುತ್ತದೆ. ಬೇಕಾದ ಆ ಅಂತರ ಕಂಬಾರನ ಅನುಭವದಲ್ಲಿತ್ತು, ಯಾವ ಕೋಷ್ಟಕದಲ್ಲೂ ಇರಲಿಲ್ಲ. ಇಂಥ ಕಸುಬನ್ನು ಹಳ್ಳಿಯ ಒರಟು ಕೆಲಸವೆಂದು ಕರೆಯುವವರು ಅದನ್ನು ಸರಿಯಾಗಿ ನೋಡಿಲ್ಲ.

ದಿನದ ಖರ್ಚಿನಲ್ಲಿ ಮುಖ್ಯವಾದದ್ದು ಕೀಲೆಣ್ಣೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದರೆ ಕಪ್ಪು ಅಂಟು ಸಿದ್ಧ. ಅದು ತುಂಬಿದ ಬಿದಿರಿನ ಕೊಳವೆ ಚಕ್ಕಡಿಗೇ ತೂಗಾಡುತ್ತಿರುತ್ತಿತ್ತು. ಎಣ್ಣೆ ಮರೆತರೆ ಗಾಲಿ ಕಿರ್ರೆಂದು ಊರಿಗೆಲ್ಲ ಸಾರುತ್ತದೆ, ಎತ್ತುಗಳಿಗೆ ಎಳೆತ ಭಾರವಾಗುತ್ತದೆ. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿ ಕಳಚಿ ಬಿದ್ದದ್ದು ಗಮನಕ್ಕೆ ಬರದಿದ್ದರೆ ಗಾಲಿಯೇ ಉರುಳಿ ಹೋಗುತ್ತದೆ. ಎತ್ತಿನ ಲಾಳ, ಮೇವು, ಹಗ್ಗ, ಮಿಣಿ ಬೇರೆ.

ಆದರೂ ಈ ಖರ್ಚಿನ ಬಹುಭಾಗ ರೊಕ್ಕದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಡಿಗನಿಗೂ ಕಂಬಾರನಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು: ಜೋಳ, ಗೋದಿ, ಕಾಳು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಸಣ್ಣಪುಟ್ಟ ದುರಸ್ತಿ. ಹೊಸ ಗಾಲಿ, ಹೊಸ ಹಳಿಯಂಥ ದೊಡ್ಡ ಕೆಲಸಕ್ಕೆ ಬೇರೆ ಕೊಡಬೇಕಿತ್ತು. ಗಾಲಿಗೆ ಬೇಕಾದ ಕರಿಜಾಲಿ ಹೊಲದ ಬದುವಿನಲ್ಲೇ ಬೆಳೆಯುತ್ತಿತ್ತು, ಸಾಗವಾನಿ ಬೇಕೆಂದರೆ ಹಳಿಯಾಳದ ಕಾಡಿನ ಸೀಮೆ ದೂರವಲ್ಲ. ಬರಗಾಲದ ವರ್ಷ ಕಣ ಬರಿದಾದರೆ ಆಯಗಾರನೂ ಉಪವಾಸ. ಈ ವ್ಯವಸ್ಥೆ ಜಾತಿಗೆ ಕಸುಬನ್ನು ಕಟ್ಟಿಹಾಕಿತ್ತು ಎಂಬುದೂ ನಿಜ, ಅದನ್ನು ಹೊಗಳಬೇಕಿಲ್ಲ. ಆದರೆ ದುರಸ್ತಿಯ ಜಾಣ್ಮೆ ಊರೊಳಗೇ ಇತ್ತು.

ಆಮೇಲೆ ಡನ್ಲಪ್ ಟೈರಿನ ಗಾಡಿ ಬಂತು. ಹಳಿಯ ಗಾಡಿ ಸುಮಾರು ಒಂದು ಟನ್ ಹೊತ್ತರೆ ಇದು ಅದಕ್ಕಿಂತ ಬಹಳ ಹೆಚ್ಚು ಹೊರುತ್ತಿತ್ತು, ಎತ್ತಿನ ಹೆಗಲಿಗೂ ಹಗುರ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ವಾದಿಸಿದರು. ಗಾಡಿಯ ದೋಷಕ್ಕೆ ಎತ್ತು ಗಾಯಗೊಳ್ಳುತ್ತಿದೆ ಎಂಬುದು ಅವರ ಮುಖ್ಯ ನೋವು. ಆದರೆ ಟೈರಿಗೆ ಪಂಕ್ಚರ್ ಇದೆ, ಬೇರಿಂಗ್ ಇದೆ. ಜಾಲಿಮುಳ್ಳು ಹೊಕ್ಕರೆ ಊರ ಬಡಿಗನಾಗಲಿ ಕಂಬಾರನಾಗಲಿ ಏನೂ ಮಾಡಲಾರ. ಟ್ರ್ಯಾಕ್ಟರ್ ಚಕ್ಕಡಿಯನ್ನು ಮೂಲೆಗೆ ತಳ್ಳಿತು ಎನ್ನುವುದುಂಟು, ಅದು ಅರ್ಧ ಸತ್ಯ. ಆಯ ನಿಂತು, ಕುಲುಮೆ ಆರಿ, ಹಳಿ ಕಟ್ಟುವವರು ಸಿಗದಾದಾಗಲೇ ಚಕ್ಕಡಿ ಸಾಕುವುದು ದುಬಾರಿಯಾಯಿತು.

ಈಗ ಆ ಜಾಗದಲ್ಲಿ ಸೆಕೆಂಡ್‌ಹ್ಯಾಂಡ್ ಓಮ್ನಿ, ಟ್ರ್ಯಾಕ್ಸ್, 2005ರಲ್ಲಿ ಬಂದ ಟಾಟಾ ಏಸ್ ಇವೆ. ಮಾರುತಿಯ ವ್ಯಾನ್ 1984ರಲ್ಲಿ ಬಂದು, ಓಮ್ನಿ ಎಂಬ ಹೆಸರಿನಲ್ಲಿ ಮುಂದುವರಿಯಿತು, 2019ರಲ್ಲಿ ಅದರ ತಯಾರಿಕೆ ನಿಂತಿತು. ಕೊಳ್ಳುವವನ ಪರೀಕ್ಷೆ ಮಾತ್ರ ಹಾಗೇ ಉಳಿದಿದೆ. ತಳದ ತಗಡು ತುಕ್ಕು ಹಿಡಿದಿದೆಯೇ, ಮುಂದಿನ ಸೀಟಿನ ಕೆಳಗಿನ ಇಂಜಿನ್ ಕಾಯುತ್ತದೆಯೇ, ಜಾರುವ ಬಾಗಿಲು ಸಲೀಸಾಗಿ ಮುಚ್ಚುತ್ತದೆಯೇ, ಚಕ್ರದ ಬೇರಿಂಗ್ ಗುಂಯ್ ಎನ್ನುತ್ತದೆಯೇ? ದೊಡ್ಡ ರಿಪೇರಿಗೆ, ಬಿಡಿಭಾಗಕ್ಕೆ ಈಗ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಇಂಧನ, ವಿಮೆ, ಟೈರು ಎಲ್ಲಕ್ಕೂ ನಗದು ಬೇಕು. ಸುಗ್ಗಿಯವರೆಗೆ ಕಾಯುವ ಮೆಕ್ಯಾನಿಕ್ ಸಿಗುವುದಿಲ್ಲ.

ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವ ಕುಟುಂಬಗಳು ಈ ಭಾಗದಲ್ಲಿ ಇನ್ನೂ ಇವೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಹಳ್ಳಿಯ ಬದುಕು, ಕಸುಬುಗಳನ್ನು ಶಿಲ್ಪವಾಗಿ ನಿಲ್ಲಿಸಿದರು. ಆದರೆ ಶಿಲ್ಪ ಹಳಿಯ ಅಳತೆ ಹೇಳಲಾರದು. ಹಿತ್ತಲಲ್ಲಿ ಬಿದ್ದ ಹಳೇ ಗಾಲಿಯನ್ನು ಗುಜರಿಗೋ ರೆಸಾರ್ಟಿನ ಅಲಂಕಾರಕ್ಕೋ ಮಾರುವ ಮುನ್ನ ಊರಲ್ಲಿ ಹಳಿ ಕಟ್ಟಿದ ಕೈ ಇನ್ನೂ ಇದ್ದರೆ ಅವರನ್ನು ಕರೆತಂದು ಅದರ ಮುಂದೆ ಕೂರಿಸಿ, ಮರ ಯಾವುದು, ಸುತ್ತಳತೆ ಎಷ್ಟು, ಹಳಿ ಎಷ್ಟು ಚಿಕ್ಕದಿರಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.